ಹೆಸರಾಂತ ಮೆಡಿಕಲ್ ಸ್ಕೂಲ್ ಸೇರಿದರೆ ಡರ್ಮಟಾಲಜಿ ರೆಸಿಡೆನ್ಸಿ ಸುಲಭವಾಗುತ್ತದೆಯೇ?

ಪ್ರಶ್ನೆ: ಒಬ್ಬ ವಿದ್ಯಾರ್ಥಿನಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 2026ರ ಆಗಸ್ಟ್‌ನಲ್ಲಿ ಆರಂಭವಾಗುವ ಎಂಡಿ ವ್ಯಾಸಂಗಕ್ಕೆ (ಅಮೆರಿಕದಲ್ಲಿ ಇದು ವೈದ್ಯರಾಗುವ ಮೂಲ ಪದವಿ) ಅಮೆರಿಕದ ಎರಡು ಮೆಡಿಕಲ್ ಸ್ಕೂಲುಗಳಲ್ಲಿ ಸೀಟು ಸಿಕ್ಕಿದೆ. ಒಂದು ನಾವಿರುವ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ್ದು. ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ, ಅದರ ಜೊತೆಗೆ ಒಂದಿಷ್ಟು ವಿದ್ಯಾರ್ಥಿವೇತನ ಸೇರಿ ಊಟ ವಸತಿ ಸಮೇತ ವರ್ಷಕ್ಕೆ ಸುಮಾರು 45,000 ಡಾಲರ್‌ನಲ್ಲಿ ಮುಗಿಯುತ್ತದೆ. ಇನ್ನೊಂದು ದೇಶದ ಮತ್ತೊಂದು ತುದಿಯಲ್ಲಿರುವ, ಹೆಸರು ಹೇಳಿದ ಕೂಡಲೇ ಯಾರಿಗಾದರೂ ಗೊತ್ತಾಗುವಂಥ ಖಾಸಗಿ ಸಂಸ್ಥೆ. ಅಲ್ಲಿ ವಿದ್ಯಾರ್ಥಿವೇತನವಿಲ್ಲ, ವರ್ಷಕ್ಕೆ 90,000 ಡಾಲರ್ ಬೇಕು.

ಮಗಳು ಪದವಿ ಮುಗಿಸಿದ ಮೇಲೆ ಎರಡು ವರ್ಷ ಚರ್ಮರೋಗಗಳ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದ್ದಾಳೆ, ಹಾಗಾಗಿ ಡರ್ಮಟಾಲಜಿಯನ್ನೇ ಓದಬೇಕೆಂಬ ಆಸೆ ಅವಳಿಗೆ ಗಟ್ಟಿಯಾಗಿದೆ. ಓದುತ್ತ ಹೋದಂತೆ ಆಸೆ ಬದಲಾಗಬಹುದೆಂದು ನಾವು ಹೇಳುತ್ತಲೇ ಇದ್ದೇವೆ; ಅವಳು ಕೇಳಿಸಿಕೊಂಡು ಸುಮ್ಮನಾಗುತ್ತಾಳೆ. ಡರ್ಮಟಾಲಜಿ, ಮೂಳೆ ಶಸ್ತ್ರಚಿಕಿತ್ಸೆ, ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿಯಂಥ ವಿಭಾಗಗಳ ರೆಸಿಡೆನ್ಸಿಯಲ್ಲಿ, ಅಂದರೆ ಎಂಡಿ ಮುಗಿದ ಮೇಲಿನ ತಜ್ಞ ತರಬೇತಿಯಲ್ಲಿ, ಸ್ಥಾನಗಳು ಕಡಿಮೆ, ಬಯಸುವವರು ಹೆಚ್ಚು ಎಂಬುದು ನಮಗೂ ಗೊತ್ತು. ದೊಡ್ಡ ಸಂಸ್ಥೆಯ ಹೆಸರಿಲ್ಲದಿದ್ದರೆ ಅರ್ಜಿಯನ್ನು ತೆರೆದೇ ನೋಡುವುದಿಲ್ಲ ಎಂದು ಪರಿಚಿತರೊಬ್ಬರು ಖಚಿತವಾಗಿ ಹೇಳಿದರು. ಅಷ್ಟೇ ಖಚಿತವಾಗಿ ಇನ್ನೊಬ್ಬರು, ಅಂಕ ಚೆನ್ನಾಗಿದ್ದರೆ ಎಲ್ಲಿ ಓದಿದರೂ ಒಂದೇ ಎಂದರು.

ಸಾಲದ ವಿಚಾರವೂ ಇದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವಿದ್ಯಾರ್ಥಿಗಳಿಗೆ ಒಕ್ಕೂಟ ಸರ್ಕಾರದ ಗ್ರ್ಯಾಡ್ ಪ್ಲಸ್ ಸಾಲ (ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಸಾಲ) ಇರುವುದಿಲ್ಲ. ವೈದ್ಯಕೀಯದಂಥ ವೃತ್ತಿಪರ ವ್ಯಾಸಂಗಕ್ಕೆ ಸರ್ಕಾರಿ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮೀರುವಂತಿಲ್ಲ. ಅಂದರೆ ಖಾಸಗಿ ಸಂಸ್ಥೆಗೆ ಹೋದರೆ ವರ್ಷಕ್ಕೆ 40,000 ಡಾಲರ್‌ನಂತೆ ನಾಲ್ಕು ವರ್ಷಕ್ಕೆ 1,60,000 ಡಾಲರನ್ನು ನಾವೇ ಕೈಯಿಂದ ಹಾಕಬೇಕು, ಇಲ್ಲವೇ ಬ್ಯಾಂಕಿನ ಸಾಲಕ್ಕೆ ಸಹಿ ಹಾಕಬೇಕು. ಏಪ್ರಿಲ್ 30ರೊಳಗೆ ಒಂದು ಸೀಟನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಬೇಕಾಗಿದೆ. ಅರ್ಜಿಗಳನ್ನು ಓದಿ ಆಯ್ಕೆ ಮಾಡುವವರು, ಈಚೆಗೆ ಆ ದಾರಿಯಲ್ಲಿ ನಡೆದುಬಂದವರು ಯಾರಾದರೂ ಇಲ್ಲಿದ್ದರೆ, ಕಾಲೇಜಿನ ಹೆಸರು ನಿಜವಾಗಿ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಡರ್ಮಟಾಲಜಿ ವಿಭಾಗದ ಪ್ರಾಧ್ಯಾಪಕ

ಮೇಡಂ, ನಾನು ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡರ್ಮಟಾಲಜಿ ಕಲಿಸುತ್ತೇನೆ. ರೆಸಿಡೆನ್ಸಿ ಅರ್ಜಿಗಳನ್ನು ಓದುವ ಸಮಿತಿಯಲ್ಲಿ ಹಲವು ವರ್ಷಗಳಿಂದ ಇದ್ದೇನೆ. ನಿಮ್ಮ ಪರಿಚಿತರಿಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ನಿಜವಿದೆ.

ಮೊದಲು ನಮ್ಮ ಮೇಜಿನ ಮೇಲೆ ಏನು ಬರುತ್ತದೆ ಎಂಬುದನ್ನು ಹೇಳುತ್ತೇನೆ. ಬೆರಳೆಣಿಕೆಯ ಸ್ಥಾನಗಳಿಗೆ ನೂರಾರು ಅರ್ಜಿಗಳು ಬರುತ್ತವೆ. ಪ್ರತಿಯೊಂದರಲ್ಲೂ ಪರೀಕ್ಷೆಯ ಫಲಿತಾಂಶ, ಕ್ಲಿನಿಕಲ್ ವರ್ಷದ ಗ್ರೇಡುಗಳು, ಡೀನ್ ಕಚೇರಿಯಿಂದ ಬರುವ ಮೌಲ್ಯಮಾಪನ ಪತ್ರ, ಮೂರು ನಾಲ್ಕು ಶಿಫಾರಸು ಪತ್ರಗಳು, ಸಂಶೋಧನೆಗಳ ಪಟ್ಟಿ, ಅಭ್ಯರ್ಥಿ ಬರೆದ ಆತ್ಮಪರಿಚಯ ಇರುತ್ತವೆ. 2022ರ ಜನವರಿ 26ರವರೆಗೆ ಯುಎಸ್‌ಎಂಎಲ್‌ಇ ಸ್ಟೆಪ್ 1 ಪರೀಕ್ಷೆಗೆ ಮೂರಂಕಿಯ ಅಂಕವಿತ್ತು. ಆ ಅಂಕವನ್ನು ಜರಡಿಯಾಗಿ ಹಿಡಿದು ಅರ್ಧಕ್ಕರ್ಧ ಅರ್ಜಿಗಳನ್ನು ಬದಿಗಿಡುವ ಪದ್ಧತಿ ಅನೇಕ ಕಡೆ ನಡೆದಿತ್ತು. ಆ ಪರೀಕ್ಷೆ ಇರುವುದು ವೈದ್ಯಕೀಯ ಪರವಾನಗಿಗಾಗಿಯೇ ಹೊರತು ಹೀಗೆ ಜಾಲಾಡುವುದಕ್ಕಲ್ಲ. ಆ ದಿನದಿಂದ ಅದು ಬರೀ ಪಾಸು ಅಥವಾ ಫೇಲು ಎಂದಾಯಿತು. ಜರಡಿ ಹೋಯಿತು, ಅರ್ಜಿಗಳ ರಾಶಿ ಮಾತ್ರ ಹಾಗೆಯೇ ಉಳಿಯಿತು. ಹೀಗಾಗಿ ಇನ್ನೂ ಅಂಕವಿರುವ ಮುಂದಿನ ಹಂತದ ಪರೀಕ್ಷೆ ಸ್ಟೆಪ್ 2 ಸಿಕೆ, ಸಂಶೋಧನೆ ಮತ್ತು, ಒಪ್ಪಿಕೊಳ್ಳಲು ಮುಜುಗರವಾದರೂ ಹೇಳಲೇಬೇಕು, ಕಾಲೇಜಿನ ಹೆಸರು, ಈ ಮೂರರ ಕಡೆಗೆ ಕಣ್ಣು ಮೊದಲಿಗಿಂತ ಹೆಚ್ಚು ಹೋಗತೊಡಗಿತು.

ಆದರೆ ಹೆಸರು ಕೆಲಸ ಮಾಡುವ ಬಗೆ ಹೊರಗಿನವರು ಊಹಿಸುವಂಥದ್ದಲ್ಲ. ನಮ್ಮಲ್ಲಿ ಯಾರೂ ಕಾಲೇಜುಗಳ ಪಟ್ಟಿ ಇಟ್ಟುಕೊಂಡು ಅಂಕ ಕೊಡುವುದಿಲ್ಲ. ಹೆಸರು ನಮಗೆ ಒಂದು ಅಳತೆಗೋಲಾಗಿ ಒದಗುತ್ತದೆ. ಕೆಲವು ಕಾಲೇಜುಗಳಲ್ಲಿ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆನರ್ಸ್ ಗ್ರೇಡ್ ಸಿಗುತ್ತದೆ, ಕೆಲವು ಕಡೆ ಕೆಲವೇ ಮಂದಿಗೆ. ಇನ್ನು ಕೆಲವು ಕಡೆ ಗ್ರೇಡೇ ಇಲ್ಲ. ಡೀನ್ ಪತ್ರಗಳಲ್ಲಿ ಬರುವ ವಿಶೇಷಣಗಳು ಎಲ್ಲರಿಗೂ ಒಂದೇ ತೂಕದವಲ್ಲ. ಪರಿಚಿತ ಕಾಲೇಜಿನಿಂದ ಬಂದ ಪತ್ರವಾದರೆ ಅದರ ಮಾತನ್ನು ಹೇಗೆ ತೂಗಬೇಕೆಂದು ನಮಗೆ ಗೊತ್ತಿರುತ್ತದೆ. ಅಪರಿಚಿತ ಕಾಲೇಜಾದರೆ ಅದೇ ಮಾತು ಗಾಳಿಯಲ್ಲಿ ತೇಲುತ್ತದೆ. ಶಿಫಾರಸು ಪತ್ರದಲ್ಲಿ ಇದು ಇನ್ನೂ ಸ್ಪಷ್ಟ. ಡರ್ಮಟಾಲಜಿ ಸಣ್ಣ ಜಗತ್ತು. ವರ್ಷಕ್ಕೆ ದೇಶದಲ್ಲೆಲ್ಲ ಸೇರಿ ಸಿಗುವ ಸ್ಥಾನಗಳು 500ರ ಆಸುಪಾಸು, ಕಲಿಸುವವರು ಸಮ್ಮೇಳನಗಳಲ್ಲಿ ಭೇಟಿಯಾಗುತ್ತಲೇ ಇರುತ್ತಾರೆ. ನನಗೆ ಪರಿಚಯವಿರುವ, ಅಪರೂಪಕ್ಕೆ ಹೊಗಳುವ ಪ್ರಾಧ್ಯಾಪಕರು 'ಈ ಹುಡುಗಿಯನ್ನು ನಾವೇ ಉಳಿಸಿಕೊಳ್ಳಬೇಕೆಂದಿದ್ದೇವೆ' ಎಂದು ಬರೆದರೆ ಆ ಒಂದು ವಾಕ್ಯ ಹತ್ತು ಪ್ರಕಟಣೆಗಳಿಗೆ ಸಮ. ದೊಡ್ಡ ಸಂಸ್ಥೆಗಳಲ್ಲಿ ಅಂಥ ಪ್ರಾಧ್ಯಾಪಕರು ಹೆಚ್ಚಿರುತ್ತಾರೆ. ಹೊರಗಿನವರು ಹೆಸರಿನ ಮಹಿಮೆ ಎಂದುಕೊಳ್ಳುವುದರ ಬಹುಪಾಲು ಇದೇ.

ನೀವು ಲೆಕ್ಕಗಳನ್ನು ನೋಡುವವರಾದರೆ ಒಂದು ಎಚ್ಚರಿಕೆ. ರೆಸಿಡೆನ್ಸಿ ಮ್ಯಾಚ್ (ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ಆದ್ಯತೆಗಳನ್ನು ಹೊಂದಿಸಿ ಸ್ಥಾನ ಹಂಚುವ ವ್ಯವಸ್ಥೆ) ನಡೆಸುವ ಎನ್‌ಆರ್‌ಎಂಪಿ ಸಂಸ್ಥೆ ಸ್ಥಾನ ಸಿಕ್ಕವರ ಮತ್ತು ಸಿಗದವರ ವಿವರಗಳನ್ನು ವಿಭಾಗವಾರು ಪ್ರಕಟಿಸುತ್ತದೆ. ಅದರಲ್ಲಿ, ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ, ಅಂದರೆ ಎನ್‌ಐಎಚ್‌ನಿಂದ ಅತಿ ಹೆಚ್ಚು ಸಂಶೋಧನಾ ಅನುದಾನ ಪಡೆಯುವ 40 ಮೆಡಿಕಲ್ ಸ್ಕೂಲುಗಳಿಂದ ಬಂದವರು ಶೇಕಡಾ ಎಷ್ಟು ಎಂಬ ಸಾಲೂ ಇದೆ. ಸಿಕ್ಕವರ ಗುಂಪಿನಲ್ಲಿ ಆ ಪ್ರಮಾಣ ಹೆಚ್ಚಿರುವುದನ್ನು ಕಂಡು, ಕಾಲೇಜೇ ಸೀಟು ಕೊಡಿಸಿತು ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಆ ಕಾಲೇಜುಗಳು ಮೊದಲೇ ಪರೀಕ್ಷೆಗಳಲ್ಲಿ ಪಳಗಿದವರನ್ನು, ಸಂಶೋಧನೆಯ ರುಚಿ ಹತ್ತಿದವರನ್ನು ಆರಿಸಿಕೊಂಡಿರುತ್ತವೆ. ನಿಮ್ಮ ಮಗಳಂಥವರು ಎಲ್ಲಿ ಹೋದರೂ ಆ ಗುಣಗಳನ್ನು ಜೊತೆಗೇ ಒಯ್ಯುತ್ತಾರೆ. ಕಾಲೇಜು ಕೊಟ್ಟದ್ದೆಷ್ಟು, ವಿದ್ಯಾರ್ಥಿ ತಂದದ್ದೆಷ್ಟು ಎಂದು ಆ ಕೋಷ್ಟಕದಿಂದ ಬಿಡಿಸಿ ಹೇಳಲಾಗುವುದಿಲ್ಲ. ಅದೇ ಸಂಸ್ಥೆ ಪ್ರೋಗ್ರಾಮ್ ಡೈರೆಕ್ಟರುಗಳನ್ನು, ಅಂದರೆ ರೆಸಿಡೆನ್ಸಿಗಳ ಮುಖ್ಯಸ್ಥರನ್ನು, ಕೇಳುವ ಸಮೀಕ್ಷೆಯಲ್ಲಿ 'ಹೆಸರಾಂತ ಕಾಲೇಜಿನ ಪದವೀಧರ' ಎಂಬ ಅಂಶಕ್ಕೆ ಅನೇಕರು ಗುರುತು ಹಾಕುತ್ತಾರೆ ನಿಜ. ಆದರೆ ಆ ವಿಭಾಗದವರೇ ಬರೆದ ಶಿಫಾರಸು ಪತ್ರ ಅದಕ್ಕಿಂತ ಮುಂದಿರುತ್ತದೆ. ಸಂದರ್ಶನಕ್ಕೆ ಕರೆದ ಮೇಲೆ ಅಭ್ಯರ್ಥಿ ನಡೆದುಕೊಂಡ ರೀತಿಯೇ ಮುಖ್ಯವಾಗುತ್ತದೆ. ಕಾಲೇಜಿನ ಹೆಸರು ಹಿಂದೆ ಸರಿಯುತ್ತದೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಇದು. ನಿಮ್ಮ ರಾಜ್ಯದ ಕಾಲೇಜಿಗೆ ತನ್ನದೇ ಡರ್ಮಟಾಲಜಿ ರೆಸಿಡೆನ್ಸಿ ಇದೆಯೇ? ಎಲ್ಲ ಮೆಡಿಕಲ್ ಸ್ಕೂಲುಗಳಿಗೂ ಅದು ಇರುವುದಿಲ್ಲ. ಇದ್ದರೆ ನಿಮ್ಮ ಆತಂಕದ ಅರ್ಧ ಭಾಗ ಇಲ್ಲೇ ಕಳೆಯಿತು. ಇಲ್ಲದಿದ್ದರೆ ನಾನು ಹಣದ ಮಾತನ್ನು ಬದಿಗಿಟ್ಟು ಇನ್ನೊಮ್ಮೆ ಯೋಚಿಸುತ್ತಿದ್ದೆ.

ಉತ್ತರ 2: ಮೂಳೆ ಶಸ್ತ್ರಚಿಕಿತ್ಸೆಯ ಮೂರನೇ ವರ್ಷದ ರೆಸಿಡೆಂಟ್

ಅಮ್ಮ, ನಾನು ಓದಿದ್ದು ರಾಜ್ಯ ಸರ್ಕಾರದ ಒಂದು ಸಾಧಾರಣ ಹೆಸರಿನ ಕಾಲೇಜಿನಲ್ಲಿ. ಈಗಿರುವುದು ಹೆಸರಾಂತ ಆಸ್ಪತ್ರೆಯಲ್ಲಿ. ಪ್ರಾಧ್ಯಾಪಕರು ಹೇಳಿದ ಹೋಮ್ ಪ್ರೋಗ್ರಾಮ್, ಅಂದರೆ ಕಾಲೇಜಿನದೇ ರೆಸಿಡೆನ್ಸಿಯ ವಿಷಯವನ್ನೇ ಇನ್ನಷ್ಟು ಬಿಡಿಸುತ್ತೇನೆ, ಏಕೆಂದರೆ ನನ್ನನ್ನು ದಾಟಿಸಿದ್ದು ಅದೇ.

ನಮ್ಮ ಕಾಲೇಜಿನ ಮೂಳೆ ವಿಭಾಗ ದೊಡ್ಡದಲ್ಲ. ಆದರೆ ಮೊದಲ ವರ್ಷದ ಬೇಸಿಗೆಯಲ್ಲೇ ವಿಭಾಗದ ಮುಖ್ಯಸ್ಥರ ಬಾಗಿಲು ತಟ್ಟಿ ಕೆಲಸ ಕೇಳುವುದು ನನಗೆ ಸಾಧ್ಯವಾಯಿತು. ತರಗತಿಯಲ್ಲಿ ಮೂಳೆ ಶಸ್ತ್ರಚಿಕಿತ್ಸೆ ಬಯಸಿದವರು ನಾವು ನಾಲ್ಕೇ ಮಂದಿ. ನನ್ನ ಗೆಳೆಯನೊಬ್ಬ ಓದಿದ ಪ್ರಸಿದ್ಧ ಸಂಸ್ಥೆಯಲ್ಲಿ ಅದೇ ವಿಭಾಗಕ್ಕೆ ಹದಿನೈದು ಮಂದಿ ಸಾಲು ನಿಂತಿದ್ದರು. ಮುಖ್ಯಸ್ಥರ ಪತ್ರ ಎಲ್ಲರಿಗೂ ಸಿಕ್ಕಿತು, ಆದರೆ ಅದರಲ್ಲಿ ಅವನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲವೆಂದು ಸಂದರ್ಶನದಲ್ಲಿ ಯಾರೋ ಸೂಕ್ಷ್ಮವಾಗಿ ತಿಳಿಸಿದರಂತೆ. ಹೆಸರಿನ ಜೊತೆಗೆ ಸಾಲೂ ಉದ್ದವಾಗುತ್ತದೆ. ಇದನ್ನು ಕಾಲೇಜಿನ ಪುಸ್ತಿಕೆಯಲ್ಲಿ ಯಾರೂ ಬರೆಯುವುದಿಲ್ಲ.

ಎರಡನೆಯದು ಅವೇ ರೊಟೇಶನ್. ನಾಲ್ಕನೇ ವರ್ಷದ ಆರಂಭದಲ್ಲಿ ಬೇರೆ ಆಸ್ಪತ್ರೆಗಳಿಗೆ ಹೋಗಿ ತಲಾ ನಾಲ್ಕು ವಾರ ಅವರ ಜೊತೆ ಕೆಲಸ ಮಾಡುವ ಅವಕಾಶವಿದು. ಹೆಸರಿಗೆ ಕಲಿಕೆ, ನಿಜದಲ್ಲಿ ನಾಲ್ಕು ವಾರಗಳ ಸಂದರ್ಶನ. ಬೆಳಗಿನ ನಾಲ್ಕೂವರೆಗೆ ಬಂದು ರೋಗಿಗಳ ಪಟ್ಟಿ ಸಿದ್ಧಪಡಿಸಿ, ಸಂಜೆ ಕೊನೆಯ ಬ್ಯಾಂಡೇಜು ಕಟ್ಟುವವರೆಗೂ ಇದ್ದವರನ್ನು ರೆಸಿಡೆಂಟುಗಳು ಮರೆಯುವುದಿಲ್ಲ; ಅಂಥವರು ಎಲ್ಲಿಂದ ಬಂದರೆಂದು ಎರಡನೇ ವಾರದ ಮೇಲೆ ಯಾರೂ ಕೇಳುವುದೂ ಇಲ್ಲ. ಈಗ ನಾನು ಆ ಕಡೆ ನಿಂತು ನೋಡುತ್ತಿದ್ದೇನೆ. ದೊಡ್ಡ ಕಾಲೇಜಿನ ಹುಡುಗನೊಬ್ಬ ಮಧ್ಯಾಹ್ನವೇ ಕಾಣೆಯಾದದ್ದು ನಮ್ಮ ರ‍್ಯಾಂಕ್ ಪಟ್ಟಿಯ ಸಭೆಯವರೆಗೂ ಬಂದು ತಲುಪಿತ್ತು. ಡರ್ಮಟಾಲಜಿಯಲ್ಲಿ ಈ ರೊಟೇಶನ್‌ಗಳ ತೂಕ ನಮ್ಮಷ್ಟಿದೆಯೋ ಎಂಬುದನ್ನು ಪ್ರಾಧ್ಯಾಪಕರೇ ಹೇಳಬೇಕು.

ಮೂರನೆಯದು ಸಿಗ್ನಲ್. ಈ ವ್ಯವಸ್ಥೆ ಹಿಂದೆ ಇರಲಿಲ್ಲ. ಮೊದಲು ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಪ್ರಯೋಗವಾಗಿ ಬಂದು ಉಳಿದ ವಿಭಾಗಗಳಿಗೆ ಹರಡಿತು. ಅಭ್ಯರ್ಥಿ ತನಗೆ ನಿಜಕ್ಕೂ ಬೇಕಾದ ಪ್ರೋಗ್ರಾಮುಗಳಿಗೆ ಮಾತ್ರ ಸಂಕೇತ ಕಳುಹಿಸಬಹುದು. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ 30 ಸಂಕೇತಗಳು. ಡರ್ಮಟಾಲಜಿಯಲ್ಲಿ 3 ಚಿನ್ನದವು (ಎಲ್ಲಕ್ಕಿಂತ ಹೆಚ್ಚು ಬೇಕಾದ ಕಡೆಗೆ), 25 ಬೆಳ್ಳಿಯವು (ಅನಂತರದ ಆಯ್ಕೆಗಳಿಗೆ). ಸಂಕೇತ ಕಳುಹಿಸದ ಕಡೆಯಿಂದ ನಮ್ಮ ವಿಭಾಗದಲ್ಲಿ ಕರೆ ಬರುವುದು ಬಹಳ ಅಪರೂಪ. ಇದರಿಂದ ಒಂದು ಒಳ್ಳೆಯದಾಗಿದೆ. ಮೊದಲು ಎಲ್ಲರೂ ಎಲ್ಲ ಕಡೆಗೂ ಅರ್ಜಿ ಹಾಕುತ್ತಿದ್ದರು, ಓದುವವರು ಬೇಸತ್ತು ಹೆಸರು ನೋಡಿ ಆರಿಸುತ್ತಿದ್ದರು. ಈಗ ಸಂಕೇತ ಬಂದ ಅರ್ಜಿಗಳನ್ನಾದರೂ ಕುಳಿತು ಓದುತ್ತಾರೆ. ಸಾಧಾರಣ ಕಾಲೇಜಿನವರು ಇದನ್ನು ಜಾಣತನದಿಂದ ಬಳಸಬೇಕು. ಮೂವತ್ತನ್ನೂ ಆಕಾಶಕ್ಕೇ ಎಸೆದವರು ನಮ್ಮ ತರಗತಿಯಲ್ಲಿ ಒಬ್ಬರಿದ್ದರು. ಮ್ಯಾಚ್ ವಾರದ ಸೋಮವಾರ ಬಂದ ಮಿಂಚಂಚೆಯಲ್ಲಿ ಅವರಿಗೆ ಸ್ಥಾನವಿಲ್ಲ ಎಂದಿತ್ತು.

ಉತ್ತರ 3: ಡಿಓ (ವೈದ್ಯರಾಗಲು ಅಮೆರಿಕದಲ್ಲಿ ಎಂಡಿಯ ಜೊತೆಗಿರುವ ಇನ್ನೊಂದು ಪದವಿ) ಪದವೀಧರೆ, ಈಗ ಅರಿವಳಿಕೆ ವಿಭಾಗದಲ್ಲಿ ರೆಸಿಡೆಂಟ್

ಈ ಚರ್ಚೆಯನ್ನು ಓದುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಎರಡು ಎಂಡಿ ಕಾಲೇಜುಗಳ ನಡುವಿನ ಅಂತರ ಮೆಟ್ಟಿಲಿನಷ್ಟಾದರೆ, ಬೇರೆ ವರ್ಗದ ಕಾಲೇಜುಗಳಿಗೂ ಅವಕ್ಕೂ ನಡುವಿನ ಅಂತರ ಕಂದಕದಷ್ಟು. ಪ್ರತಿಷ್ಠೆ ಎಂದಾಗ ನಾವು ಮೊದಲ ಹತ್ತರಲ್ಲಿದೆಯೋ ಐವತ್ತರಲ್ಲಿದೆಯೋ ಎಂದು ವಾದಿಸುತ್ತೇವೆ; ಪ್ರೋಗ್ರಾಮುಗಳ ಜರಡಿಯಲ್ಲಿ ನಿಜವಾದ ಗೆರೆ ಎಳೆದಿರುವುದು ಬೇರೆ ಕಡೆ.

2025ರ ಮ್ಯಾಚ್‌ನಲ್ಲಿ 43,237 ಸ್ಥಾನಗಳಿದ್ದವು. ಅಮೆರಿಕದ ಎಂಡಿ ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 93.5 ಮಂದಿಗೆ, ಡಿಓ ವಿದ್ಯಾರ್ಥಿಗಳಲ್ಲಿ ಶೇ. 92.6 ಮಂದಿಗೆ ಸ್ಥಾನ ದೊರೆಯಿತು. ಕೆರಿಬಿಯನ್ ಮುಂತಾದ ಕಡೆ ಓದಿ ಬಂದ ಅಮೆರಿಕನ್ ನಾಗರಿಕರಲ್ಲಿ ಶೇ. 67.8, ವಿದೇಶದಲ್ಲಿ ಓದಿದ ವಿದೇಶಿ ಪ್ರಜೆಗಳಲ್ಲಿ ಶೇ. 58. ಮೊದಲ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ನೋಡಿ ಡಿಓ ಮತ್ತು ಎಂಡಿ ಸಮಾನವೆಂದು ನಮ್ಮ ಕಾಲೇಜಿನ ಪ್ರವೇಶ ಕಚೇರಿಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಸಂಖ್ಯೆ ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಸೇರಿಸಿದ್ದು. ಕುಟುಂಬ ವೈದ್ಯಕೀಯ, ಆಂತರಿಕ ವೈದ್ಯಕೀಯಗಳಲ್ಲಿ ಸ್ಥಾನಗಳು ಬೇಕಾದಷ್ಟಿವೆ. ಡರ್ಮಟಾಲಜಿ, ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿಗಳಲ್ಲಿ ಡಿಓಗಳ ಸಂಖ್ಯೆ ಇಂದಿಗೂ ಸಣ್ಣದು. 2020ರಲ್ಲಿ ಎರಡೂ ಬಗೆಯ ರೆಸಿಡೆನ್ಸಿಗಳು ಒಂದೇ ಮಾನ್ಯತಾ ವ್ಯವಸ್ಥೆಯಡಿ ಬಂದ ಮೇಲೆ ಬಾಗಿಲು ಕಾನೂನಿನ ಪ್ರಕಾರ ತೆರೆಯಿತು. ಆದರೆ ಹಿಂದೆ ಡಿಓಗಳಿಗೆಂದೇ ಮೀಸಲಿದ್ದ ಶಸ್ತ್ರಚಿಕಿತ್ಸಾ ಸ್ಥಾನಗಳಿಗೂ ಎಂಡಿಗಳು ಅರ್ಜಿ ಹಾಕುವಂತಾಯಿತು. ನಮ್ಮದೇ ಕಾಮ್‌ಲೆಕ್ಸ್ ಪರೀಕ್ಷೆಯ ಜೊತೆಗೆ ಯುಎಸ್‌ಎಂಎಲ್‌ಇಯನ್ನೂ ಬರೆದು ಎರಡೆರಡು ಬಾರಿ ದುಡ್ಡು ಕಟ್ಟಿದವರಲ್ಲಿ ನಾನೂ ಒಬ್ಬಳು. ನನಗೂ ಮೊದಲು ಬೇಕಾಗಿದ್ದದ್ದು ಡರ್ಮಟಾಲಜಿಯೇ. ಈಗಿರುವ ಕೆಲಸ ಇಷ್ಟವಾಗಿದೆ, ಆದ್ದರಿಂದ ಇದನ್ನು ಕಹಿಯಿಂದ ಹೇಳುತ್ತಿಲ್ಲ.

ಪ್ರತಿಷ್ಠೆಯ ಪಟ್ಟಿಗಳ ಬಗ್ಗೆಯೂ ಒಂದು ಮಾತು. ಎಲ್ಲರೂ ಮೂಲವೆಂದು ಭಾವಿಸುವ ಯುಎಸ್ ನ್ಯೂಸ್ ಪಟ್ಟಿಯಿಂದ 2023ರ ಜನವರಿಯಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಹೊರನಡೆಯಿತು; ಅದರ ಬೆನ್ನಿಗೇ ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಪೆನ್‌ಸಿಲ್ವೇನಿಯಾ ವಿಶ್ವವಿದ್ಯಾಲಯ ಮುಂತಾದವು ಹೊರಬಂದವು. 2024ರಿಂದ ಆ ಪಟ್ಟಿಯಲ್ಲಿ ಒಂದು, ಎರಡು, ಮೂರು ಎಂಬ ಕ್ರಮಾಂಕವೇ ಇಲ್ಲ, ಸ್ತರಗಳು ಮಾತ್ರ ಇವೆ. ಸಂಶೋಧನೆಯ ಪಟ್ಟಿ ಮುಖ್ಯವಾಗಿ ಅಳೆಯುತ್ತಿದ್ದುದು ಅನುದಾನದ ಮೊತ್ತ, ಪ್ರವೇಶದ ಅಂಕಗಳಂಥವನ್ನು. ಒಬ್ಬ ವಿದ್ಯಾರ್ಥಿಗೆ ಅಲ್ಲಿ ಎಷ್ಟು ಚೆನ್ನಾಗಿ ಕಲಿಸುತ್ತಾರೆಂಬುದನ್ನು ಅದು ಅಳೆಯಲಿಲ್ಲ. ಮೇಡಂ, ನಿಮ್ಮ ಮಗಳ ಕೈಯಲ್ಲಿರುವ ಎರಡು ಸೀಟುಗಳೂ ಕಂದಕದ ಈಚೆ ದಡದಲ್ಲಿವೆ. ನನ್ನ ಮಟ್ಟಿಗೆ ಇಲ್ಲಿಗೆ ಪ್ರಶ್ನೆ ಬಹುತೇಕ ಹಣದ್ದಾಗುತ್ತದೆ.

ಉತ್ತರ 4: ಹೆಸರಾಂತ ಸಂಸ್ಥೆಯಲ್ಲಿ ಓದಿದ ಫೆಲೋ (ರೆಸಿಡೆನ್ಸಿಯ ನಂತರದ ತರಬೇತಿಯಲ್ಲಿರುವವರು)

ಮೇಲಿನ ಉತ್ತರಗಳನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾಗಿ ಹೇಳಬಯಸುತ್ತೇನೆ. ಹೆಸರಿನ ಅನುಕೂಲವನ್ನು ಅದು ಇರುವವರು ಕಡಿಮೆ ಮಾಡಿ ಹೇಳುವುದು ಒಂದು ರೂಢಿ. ನಾನು ಹಾಗೆ ಮಾಡುವುದಿಲ್ಲ.

ಆಲ್ಫಾ ಒಮೆಗಾ ಆಲ್ಫಾ ಎಂಬ ಗೌರವ ಸಂಘದ ಉದಾಹರಣೆಯನ್ನೇ ತೆಗೆದುಕೊಳ್ಳಿ. 1902ರಲ್ಲಿ ಹುಟ್ಟಿದ ಈ ಸಂಘಕ್ಕೆ ಪ್ರತಿ ಕಾಲೇಜಿನಿಂದ ಮೇಲಿನ ಕೆಲವರನ್ನು ಮಾತ್ರ ಆರಿಸುತ್ತಾರೆ. ಡರ್ಮಟಾಲಜಿ, ಪ್ಲಾಸ್ಟಿಕ್ ಸರ್ಜರಿಗಳಲ್ಲಿ ಸ್ಥಾನ ಸಿಕ್ಕವರಲ್ಲಿ ಇದರ ಸದಸ್ಯರು ಬಹಳ. ಆದರೆ ಹಾರ್ವರ್ಡ್‌ನಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಇದರ ಶಾಖೆಯೇ ಇಲ್ಲದೆ ದಶಕಗಳು ಕಳೆದವು, ಅಲ್ಲಿಯ ವಿದ್ಯಾರ್ಥಿಗಳಿಗೆ ಯಾವ ನಷ್ಟವೂ ಆಗಲಿಲ್ಲ. 2018ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಕಾಲೇಜು, ಅನಂತರ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಆಯ್ಕೆಯಲ್ಲಿ ಜನಾಂಗೀಯ ಅಸಮಾನತೆ ಕಾಣುತ್ತಿದೆಯೆಂಬ ಕಾರಣಕ್ಕೆ ವಿದ್ಯಾರ್ಥಿಗಳನ್ನು ಆರಿಸುವುದನ್ನು ನಿಲ್ಲಿಸಿದವು. ನಿರ್ಧಾರ ಒಳ್ಳೆಯದೇ. ಆದರೆ ಗ್ರೇಡು ಬೇಡ, ಗೌರವ ಸಂಘ ಬೇಡ ಎನ್ನುವ ಸ್ವಾತಂತ್ರ್ಯ ಇರುವುದು ಹೆಸರೇ ಗುರುತಾಗಬಲ್ಲ ಕಾಲೇಜಿಗೆ ಮಾತ್ರ. ನಾನು ಓದಿದ ಕಡೆ ಮೊದಲೆರಡು ವರ್ಷ ಪಾಸು ಫೇಲು ಬಿಟ್ಟು ಏನೂ ಇರಲಿಲ್ಲ, ಆ ಸಮಯವನ್ನೆಲ್ಲ ಪ್ರಯೋಗಾಲಯಕ್ಕೆ ಕೊಟ್ಟೆ. ಸಾಧಾರಣ ಕಾಲೇಜಿನಲ್ಲಿ ಓದುವ ನನ್ನ ತಮ್ಮ ತರಗತಿಯ ಮೇಲಿನ ಕಾಲು ಭಾಗದಲ್ಲಿ ಉಳಿಯಲು ಅದೇ ಎರಡು ವರ್ಷ ನಿದ್ದೆಗೆಟ್ಟ. ಅರ್ಜಿ ಹಾಕುವ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಪ್ರಕಟಣೆಗಳಿದ್ದವು, ಅವನ ಪಟ್ಟಿಯಲ್ಲಿ ಅಂಕಗಳಿದ್ದವು. ಎನ್‌ಆರ್‌ಎಂಪಿಯ 2022ರ ವರದಿಯಂತೆ ಡರ್ಮಟಾಲಜಿಯಲ್ಲಿ ಸ್ಥಾನ ಸಿಕ್ಕ ಎಂಡಿ ವಿದ್ಯಾರ್ಥಿಗಳು ಸರಾಸರಿ 20ಕ್ಕೂ ಹೆಚ್ಚು ಸಂಶೋಧನಾ ಕೆಲಸಗಳನ್ನು ತೋರಿಸಿದ್ದರು. ಅದರಲ್ಲಿ ಭಿತ್ತಿಪತ್ರಗಳು, ಸಾರಲೇಖಗಳು, ಭಾಷಣಗಳು ಎಲ್ಲವೂ ಸೇರಿವೆ, ಇಪ್ಪತ್ತು ಪ್ರಬಂಧಗಳೆಂದು ತಿಳಿದು ಹೆದರಬೇಡಿ. ಹಾಗಿದ್ದರೂ ಅಷ್ಟನ್ನು ಕೂಡಿಸಲು ಬೇಕಾದ ಬಿಡುವು, ಬೇಕಾದ ಜನ ಎಲ್ಲ ಕಡೆ ಒಂದೇ ಸಮನಾಗಿ ಸಿಗುವುದಿಲ್ಲ.

ಇನ್ನೊಂದು ವಿಷಯ, ಮಗಳು ಮುಂದೆ ಏನಾಗಬೇಕೆಂದಿದ್ದಾಳೆ ಎಂಬುದು. ಡರ್ಮಟಾಲಜಿಸ್ಟ್ ಆಗಿ ರೋಗಿಗಳನ್ನು ನೋಡಬೇಕೆಂದಾದರೆ ಮೂರನೇ ಉತ್ತರದವರೊಂದಿಗೆ ನಾನೂ ಒಪ್ಪುತ್ತೇನೆ. ಯಾವ ರೆಸಿಡೆನ್ಸಿಯಾದರೂ ತಜ್ಞರೆಂದು ಮಂಡಳಿ ಕೊಡುವ ಪ್ರಮಾಣಪತ್ರ ಒಂದೇ. ಸ್ವಂತ ಪ್ರಯೋಗಾಲಯ ಕಟ್ಟಬೇಕು, ದೊಡ್ಡ ವಿಶ್ವವಿದ್ಯಾಲಯದ ವಿಭಾಗದಲ್ಲಿ ಬೆಳೆಯಬೇಕು ಎಂದಾದರೆ, ಬಡ್ಡಿಯ ಮೇಲೆ ಬಡ್ಡಿ ಸೇರುವ ಹಾಗೆ ಹೆಸರಿಗೆ ಹೆಸರು ಸೇರುತ್ತ ಹೋಗುತ್ತದೆ.

ಉತ್ತರ 1ರ ಪ್ರಾಧ್ಯಾಪಕರಿಂದ ಪ್ರತಿಕ್ರಿಯೆ

ಗೌರವ ಸಂಘದ ಮಾತನ್ನು ಒಪ್ಪುತ್ತೇನೆ, ಅಷ್ಟು ನೇರವಾಗಿ ಅದನ್ನು ನಾನು ಯೋಚಿಸಿರಲಿಲ್ಲ. ಒಂದು ತಿದ್ದುಪಡಿ ಮಾತ್ರ: ಮೊದಲೆರಡು ವರ್ಷ ಪಾಸು ಫೇಲು ಇಟ್ಟುಕೊಂಡಿರುವುದು ಈಗ ಹೆಸರಾಂತ ಕಾಲೇಜುಗಳಷ್ಟೇ ಅಲ್ಲ, ದೇಶದ ಬಹುಪಾಲು ಕಾಲೇಜುಗಳು. ಆದರೆ ಮೇಲೆ ಕಾಣದಂತೆ ಒಳಗೊಳಗೇ ಶ್ರೇಯಾಂಕ ಹಾಕಿ ಅದನ್ನು ಡೀನ್ ಪತ್ರದಲ್ಲಿ ಸೂಚಿಸುವ ಕಾಲೇಜುಗಳಿವೆ. ಮೇಡಂ, ಇದನ್ನು ಎರಡೂ ಕಡೆ ಕೇಳಿ. ಉತ್ತರ 2ರ ಪ್ರಶ್ನೆಗೆ ಹೇಳುವುದಾದರೆ, ನಮ್ಮಲ್ಲಿಯೂ ಅವೇ ರೊಟೇಶನ್‌ಗೆ ತೂಕವಿದೆ, ಆದರೆ ಶಸ್ತ್ರಚಿಕಿತ್ಸಾ ವಿಭಾಗಗಳಷ್ಟಿಲ್ಲ. ಡರ್ಮಟಾಲಜಿಯ ಹೆಚ್ಚಿನ ಸ್ಥಾನಗಳು ಎರಡನೇ ವರ್ಷದಿಂದ ಶುರುವಾಗುತ್ತವೆ. ಮೊದಲ ವರ್ಷದ ತರಬೇತಿಗೆ ಬೇರೆ ಕಡೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು ಎಂಬುದನ್ನೂ ಅರ್ಜಿಯ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದ ತಾಯಿಯಿಂದ

ಎಲ್ಲರಿಗೂ ಋಣಿಯಾಗಿದ್ದೇನೆ. ಇವುಗಳನ್ನೆಲ್ಲ ಮಗಳಿಗೆ ಓದಿಸಿದೆ; ಅವಳೇ ಎರಡೂ ಕಾಲೇಜುಗಳಿಗೆ ಬರೆದು ವಿಚಾರಿಸಿದಳು. ನಮ್ಮ ರಾಜ್ಯದ ಕಾಲೇಜಿನಲ್ಲಿ ಡರ್ಮಟಾಲಜಿ ರೆಸಿಡೆನ್ಸಿ ಇದೆ, ವರ್ಷಕ್ಕೆ ಮೂವರನ್ನು ತೆಗೆದುಕೊಳ್ಳುತ್ತಾರೆ. ಕಳೆದ ನಾಲ್ಕು ವರ್ಷಗಳಲ್ಲಿ ಅರ್ಜಿ ಹಾಕಿದ ತಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಸ್ಥಾನ ಸಿಕ್ಕಿದೆಯೆಂದು ವಿಭಾಗದ ಕಾರ್ಯದರ್ಶಿ ಅಂದೇ ಸಂಜೆ ಉತ್ತರಿಸಿದರು. ಆ ಒಬ್ಬರೂ ಒಂದು ವರ್ಷ ಸಂಶೋಧನೆ ಮಾಡಿ ಮರುವರ್ಷ ಸೇರಿದರಂತೆ. ಖಾಸಗಿ ಸಂಸ್ಥೆಯಿಂದ ಮ್ಯಾಚ್ ಪಟ್ಟಿಯ ಕೊಂಡಿ ಬಂತು. ಅದರಲ್ಲಿ ಡರ್ಮಟಾಲಜಿ ಸೇರಿದವರು ನಿಜವಾಗಿಯೂ ಹೆಚ್ಚು ಮಂದಿ, ಹೋದ ಆಸ್ಪತ್ರೆಗಳೂ ಎಲ್ಲರೂ ಬಲ್ಲಂಥವು. ಆದರೆ ಬಯಸಿದವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಬಂದಿಲ್ಲ. ಮಗಳ ಮನಸ್ಸು ಈಗ ಮನೆಯ ಹತ್ತಿರದ ಕಾಲೇಜಿನ ಕಡೆ ವಾಲಿದೆ. ನಮ್ಮವರಿಗೆ ಇನ್ನೂ ಆ ದೊಡ್ಡ ಹೆಸರನ್ನು ಬಿಡಲು ಮನಸ್ಸಿಲ್ಲ. ಬೇರೇನಾದರೂ ಕೇಳುವುದು ಉಳಿದಿದೆಯೇ?

ಉತ್ತರ 1ರ ಪ್ರಾಧ್ಯಾಪಕರಿಂದ

ಎರಡು ಉಳಿದಿವೆ. ಅರ್ಜಿ ಹಾಕಿದವರ ಲೆಕ್ಕದಲ್ಲಿ, ಡರ್ಮಟಾಲಜಿ ಬೇಕೆಂದು ಬಂದು ಮೂರನೇ ವರ್ಷದಲ್ಲಿ 'ನಿನಗೆ ಇದು ಆಗದು' ಎಂಬ ಸಲಹೆ ಕೇಳಿ ಬೇರೆ ವಿಭಾಗಕ್ಕೆ ಹೊರಳಿದವರು ಸೇರಿರುವುದಿಲ್ಲ. ಅಂಥವರು ಎಷ್ಟು ಮಂದಿ ಎಂದು ಕಚೇರಿಯವರನ್ನಲ್ಲ, ಈಗ ಅಲ್ಲಿ ನಾಲ್ಕನೇ ವರ್ಷದಲ್ಲಿರುವ ವಿದ್ಯಾರ್ಥಿಗಳನ್ನು ಕೇಳಬೇಕು. ಎರಡನೆಯದಾಗಿ, ಮೊದಲ ಬೇಸಿಗೆಯಲ್ಲಿ ಡರ್ಮಟಾಲಜಿ ವಿಭಾಗ ಎಷ್ಟು ವಿದ್ಯಾರ್ಥಿಗಳನ್ನು ಸಂಶೋಧನೆಗೆ ತೆಗೆದುಕೊಳ್ಳುತ್ತದೆ, ಅವರಿಗೆ ಸಂಬಳ ಕೊಡುತ್ತದೆಯೇ ಎಂದು ಅದೇ ಕಾರ್ಯದರ್ಶಿಯವರಿಗೆ ಬರೆಯಲಿ. ಅಂದೇ ಸಂಜೆ ಉತ್ತರಿಸುವ ವಿಭಾಗವಾದರೆ ಇದಕ್ಕೂ ಏಪ್ರಿಲ್ 30ರೊಳಗೆ ಉತ್ತರ ಬರುತ್ತದೆ.